ಐದಕ್ಕೆ ಎಷ್ಟು

ಲೆಸ್ಟರಿನ ಆಸ್ಪತ್ರೆಯೊಂದರ ನೆಲಮಾಳಿಗೆ,
ಬಟ್ಟೆ ಒಗೆಯುವ ಕೋಣೆಯ ಪಕ್ಕ ನಮ್ಮ ರೇಡಿಯೋ.
ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ್ದೇವೆ. ಆದರೂ
ಯಂತ್ರದ ಗುಡುಗು ಪ್ರತಿ ಹಾಡಿಗೂ ತಾಳ ಹಾಕುತ್ತದೆ.
ಬುಧವಾರ ರಾತ್ರಿ ಎಂಟರಿಂದ ಒಂಬತ್ತು ನನ್ನದು.
ಕೇಳುವವರು ಹೆಚ್ಚೆಂದರೆ ಹನ್ನೊಂದು ಜನ,
ಅದರಲ್ಲಿ ಮೂವರಿಗೆ ನಿದ್ದೆ.

ಈ ವಾರ ಹೊಸ ಆಲ್ಬಂ ಬಂದಿದೆ.
ತೇಜಲ್ ಚೌಹಾಣ್, ಇಪ್ಪತ್ತೆರಡು, ಇದೇ ಊರು,
ಮೆಲ್ಟನ್ ರಸ್ತೆಯಲ್ಲಿ ಅಪ್ಪನ ಚಪ್ಪಲಿ ಅಂಗಡಿ.
ಕವರಿನ ಮೇಲೆ ಮರಳುಗಾಡು, ಕೆಂಪು ದುಪಟ್ಟಾ, ಒಂಟೆ.
ಒಂಟೆಗೆ ನೆರಳಿಲ್ಲ.
ಹುಡುಗಿ ನಿಂತದ್ದು ಯಾವುದೋ ಕಾರ್ ಪಾರ್ಕಿನಲ್ಲಿ ಅಂತ
ಬೂಟಿಗೆ ಮೆತ್ತಿದ ಕೆಸರು ಹೇಳುತ್ತದೆ.

ದೋಷ ಮೊದಲು ಹೇಳಿಬಿಡುತ್ತೇನೆ,
ಕಹಿ ಮಾತ್ರೆ ಮೊದಲು ಅನ್ನುವುದು ಈ ಕಟ್ಟಡದ ಪದ್ಧತಿ.
ಡ್ರಮ್ಮು ಜಾಸ್ತಿ. ಬೀಗರ ಕಡೆಯ ಹಿರಿಯನ ಹಾಗೆ
ಕರೆಯಲಿ ಬಿಡಲಿ, ಪ್ರತಿ ಪಂಕ್ತಿಗೂ ಹಾಜರು.
ಎರಡನೆಯ ಹಾಡಿನ ನಡುವೆ ಯಾರೋ ಹುಡುಗ ನುಗ್ಗಿ
ಇಂಗ್ಲಿಷಿನಲ್ಲಿ ಬಡಬಡಿಸಿ ಹೋಗುತ್ತಾನೆ,
ವಿಳಾಸ ತಪ್ಪಿದ ಪಿಜ್ಜಾದವನು.
ಸಿತಾರ್ ಇದೆ, ಬೆರಳಿಲ್ಲ;
ಕೀಬೋರ್ಡಿನ ಹೊಟ್ಟೆಯಲ್ಲಿ ಹುಟ್ಟಿದ್ದು.
ನಾಲ್ಕು ಹಾಡು ವಿರಹ. ನಾಲ್ಕರಲ್ಲೂ ಕಿಟಕಿ, ಚಂದ್ರ,
ಬಾರದ ಅವನು.
ಬಾರದವನು ಯಾರೆಂದು ಅವಳಿಗೇ ಗೊತ್ತಿಲ್ಲ ಪಾಪ.
ಗೊತ್ತಿದ್ದರೆ ಉಸಿರು
ಅಷ್ಟು ಸರಿಯಾದ ಜಾಗದಲ್ಲಿ ಬೀಳುತ್ತಿರಲಿಲ್ಲ.

ಗುಣ?
ಇರಿ, ಬಂದೆ.

ಆರನೆಯ ಹಾಡು. ಅದೇ ಮಳೆ, ಅದೇ ಮೋಡ.
ಹಿಂದಿಯಲ್ಲಿ ಮೋಡಕ್ಕೆ ಬಾದಲ್.
ಎರಡು ಸಲ ಸರಿಯಾಗಿ ಹಾಡುತ್ತಾಳೆ,
ಪಕ್ಕದಲ್ಲಿ ಮೇಷ್ಟ್ರು ಕೂತಿರುವಂತೆ.
ಮೂರನೆಯ ಸಲ ಸ್ವರ ಮೇಲೇರಿ,
ಡ್ರಮ್ಮು ಯಾಕೋ ಒಂದು ಕ್ಷಣ ದಾರಿ ಬಿಟ್ಟು,
ಬಾದಳ್
ಅಂದುಬಿಡುತ್ತಾಳೆ.

ನಾಲಿಗೆ ಹಿಂದಕ್ಕೆ ಮಡಚಿ, ಅಂಗುಳ ತಾಗಿ, ಜಾರುವ
ಆ ಒಂದು ಅಕ್ಷರ. ಹಿಂದಿಯವರಿಗೆ ಬೇಡ.
ಇಂಗ್ಲಿಷಿನವರಿಗೆ ಗೊತ್ತೇ ಇಲ್ಲ.
ಅಂಗಡಿಯ ಬಾಗಿಲಲ್ಲಿ ನಿಂತು ಅವಳಜ್ಜಿ
ಈ ಊರಿನ ಬೂದು ಆಕಾಶ ನೋಡಿ
ತನ್ನ ಗುಜರಾತಿಯಲ್ಲಿ ವಾದಳ ಅಂದಿರಬೇಕು.
ಸ್ಟುಡಿಯೋದವರ ಕಿವಿ ತಪ್ಪಿಸಿ
ಅದೊಂದು ಉಳಿದುಕೊಂಡಿದೆ.

ಹಿಂದಕ್ಕೆ ತಿರುಗಿಸಿ ಕೇಳಿದೆ. ಮತ್ತೊಮ್ಮೆ.
ಹತ್ತೊಂಬತ್ತು ವರ್ಷದಿಂದ ಈ ಕಟ್ಟಡದಲ್ಲಿ ನಾನು
ಮಿಸೆಸ್ ಕಾಲ್ಸಡ್.
ಕಳಸದ ಅಂತ ತಿದ್ದುವುದನ್ನು
ಯಾವ ಚಳಿಗಾಲದಲ್ಲಿ ಬಿಟ್ಟೆನೋ ನೆನಪಿಲ್ಲ.
ನನ್ನ ಮಾತಿನಲ್ಲಿ ಹೆಣ್ಣು ಏನು ಮಾಡಿದರೂ
ತುದಿಗೆ ಇದೇ ಅಕ್ಷರ ಬಂದು ನಿಲ್ಲುತ್ತದೆ:
ಬಂದಳು, ಬೈದಳು, ಬಾಗಿಲು ಹಾಕಿಕೊಂಡಳು.
ಉಳಿದ ಏಳು ಹಾಡು ಯಾರೋ ಹಾಡಿದರು.
ಇದೊಂದನ್ನು
ಹಾಡಿದಳು.

ಇಷ್ಟನ್ನೂ ಮೈಕಿನಲ್ಲಿ ಹೇಳಿದೆನೆ? ಇಲ್ಲ.
"ಆರನೆಯದು ಚೆನ್ನಾಗಿದೆ, ಕೇಳಿ" ಅಂದು ಹಾಕಿದೆ.
ಡೆರಿಕ್ ಕೊಟ್ಟ ಫಾರಂ ಮುಂದಿತ್ತು,
ಐದು ನಕ್ಷತ್ರ, ಎಷ್ಟು ಬೇಕೋ ಅಷ್ಟು ತುಂಬಿ.
ಎರಡು ತುಂಬಿದೆ. ಮೂರನೆಯದರ ಒಂದು ಮೂಲೆ.
ಪೆನ್ನು ಅಲ್ಲೇ ನಿಂತಿತು.

ಫೋನು. ಮೂಳೆ ವಾರ್ಡಿನ ಮಗನ್‌ಭಾಯಿ,
ಮೂವತ್ತು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ
ಯಂತ್ರದ ಸದ್ದು ತಿಂದ ಕಿವಿ.
"ಬೆಹೆನ್, ಈ ಅಳುಬುರುಕ ಹಾಡು ಸಾಕು,
ಆ ಎರಡನೆಯದು ಹಾಕು, ಡ್ರಮ್ಮು ಜೋರಿರುವುದು.
ಮುರಿಯದ ಕಾಲು ಒಂದಿದೆ ನನಗೆ,
ಅದಕ್ಕೂ ಏನಾದರೂ ಕೆಲಸ ಬೇಡವೆ?"

ಮೋಡದ ಮಾತು ಎತ್ತಬೇಕೆಂದಿದ್ದೆ.
ಎತ್ತಲಿಲ್ಲ.
ಎರಡನೆಯದು ಹಾಕಿದೆ. ಗೋಡೆಯಾಚೆ
ಹಾಸಿಗೆ ಬಟ್ಟೆಗಳು ತಿರುಗತೊಡಗಿದವು.
ಸರಿಯಾಗಿ ಒಂದೂವರೆ ನಿಮಿಷಕ್ಕೆ
ಪಿಜ್ಜಾದವನು ಬಂದ.